ನೂಲಿನ ಹಿಂದೆ ನಡೆದ ರೀಲು

ಮೀನಿಗೆ ಗಾಳ ಹಾಕುವ ಚಪಲವು ಮನುಷ್ಯನಿಗೆ ಎಷ್ಟು ಪುರಾತನವಾದುದೋ, ಗಾಳದ ಕೋಲಿನ ಬುಡದಲ್ಲಿ ಇಂದು ಕಾಣುವ ರೀಲೆಂಬ ಪುಟ್ಟ ಯಂತ್ರವು ಅಷ್ಟೇ ಅರ್ವಾಚೀನವಾದುದು. ಯೂರೋಪಿನಲ್ಲಿ ಅದಕ್ಕೆ ರೂಪ ಕೊಟ್ಟವರು ಯಾರೆಂದು ವಿಚಾರಿಸಿದರೆ, ಅವರಲ್ಲಿ ಉಣ್ಣೆಯ ಗಿರಣಿಯ ಯಜಮಾನನೊಬ್ಬನಿದ್ದಾನೆ, ಗಡಿಯಾರದ ಹಲ್ಲುಚಕ್ರ ಕೊರೆಯುತ್ತಿದ್ದವರಿದ್ದಾರೆ, ಬಾಡಿಗೆ ಮೋಟಾರಿನ ಮೀಟರು ತಯಾರಿಸುತ್ತಿದ್ದವರಿದ್ದಾರೆ; ನೀರಿನಲ್ಲೇ ಬದುಕಿದ ಬೆಸ್ತರ ಹೆಸರು ಅಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಈ ಯಂತ್ರದ ಚರಿತ್ರೆಯನ್ನು ಹೇಳಹೊರಟವರು ಹಲ್ಲುಚಕ್ರಗಳ ಲೆಕ್ಕದಲ್ಲಿ ಮುಳುಗಿ, ಅದಕ್ಕೆ ಸುತ್ತಿದ ನೂಲನ್ನು ಮರೆತುಬಿಡುವುದುಂಟು. ನನಗೆ ತೋರುವಂತೆ, ನೂಲು ಬದಲಾದಾಗಲೆಲ್ಲ ರೀಲು ಅದರ ಹಿಂದೆ ನಡೆಯಿತು. ಹಿಂಬದಿಯ ಡ್ರ್ಯಾಗ್ ಎಂಬ ಏರ್ಪಾಡು ಹುಟ್ಟಿ, ಮೆರೆದು, ಕಡೆಗೆ ಮೂಲೆ ಸೇರಿದುದೂ ಹೀಗೆಯೇ.

ಹಳೆಯ ರೀಲು ಎಂದರೆ ಅಚ್ಚಿನ ಮೇಲೆ ತಿರುಗುವ ಒಂದು ಉರುಳೆ, ಅಷ್ಟೆ. ಗಾಳವನ್ನು ಬೀಸಿದಾಗ ಆ ಉರುಳೆ ತಿರುಗಿ ನೂಲು ಬಿಡಬೇಕು; ಗಾಳ ಹಗುರವಾದರೆ ಉರುಳೆ ತಿರುಗದು, ಭಾರವಾದರೆ ಗಾಳವು ನೀರಿಗೆ ಬಿದ್ದ ಮೇಲೂ ಉರುಳೆ ನಿಲ್ಲದೆ ಸುತ್ತಿ ನೂಲನ್ನು ಬಿಡಿಸಲಾಗದ ಗೋಜಲು ಮಾಡಿಡುವುದು. ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಪೀಟರ್ ಮ್ಯಾಲಕ್ ಎಂಬಾತನು 1884ರಲ್ಲಿ ಇದಕ್ಕೊಂದು ಉಪಾಯ ಹೂಡಿದನು: ಬೀಸುವಾಗ ಉರುಳೆಯನ್ನು ಕಾಲುಸುತ್ತು ಹೊರಳಿಸಿ ಅದರ ಮುಖವನ್ನು ನದಿಯ ಕಡೆಗೆ ಮಾಡಿದರೆ ನೂಲು ಅಂಚಿನಿಂದ ತಾನಾಗಿ ಜಾರಿಹೋಗುತ್ತದೆ, ಸುತ್ತುವಾಗ ಮತ್ತೆ ಮೊದಲಿನಂತೆ ಹೊರಳಿಸಿಕೊಂಡರಾಯಿತು. ಉಪಾಯವೇನೋ ಚೆನ್ನಾಗಿತ್ತು, ಆದರೆ ಪ್ರತಿ ಬೀಸಿಗೂ ನೂಲಿನಲ್ಲಿ ಹುರಿ ಏರುತ್ತ ಹೋಗಿ, ಸಂಜೆಯ ವೇಳೆಗೆ ಅದು ಕೈಗೆ ಒಗ್ಗದಂತಾಗುತ್ತಿತ್ತು.

ಉರುಳೆಯನ್ನು ತಿರುಗಿಸುವ ಗೊಡವೆಯೇ ಬೇಡ, ಅದು ನಿಂತಲ್ಲಿ ನಿಂತಿರಲಿ, ನೂಲು ಸುತ್ತುವ ಕೈಯೊಂದು ಅದರ ಸುತ್ತ ತಿರುಗಲಿ ಎಂಬ ಯೋಚನೆಯನ್ನು ಯಂತ್ರವಾಗಿ ಮಾಡಿ, 1905ರಲ್ಲಿ ಅದರ ಹಕ್ಕುಪತ್ರ ಪಡೆದವನು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್. ಆತನ ಮನೆತನ ಉಣ್ಣೆಯ ನೂಲಿನ ಉದ್ಯಮದ್ದು. ಮಗ್ಗದ ಲಾಳಿಯೊಳಗೆ ಕಂಡಿಕೆಯು ಅಲುಗಾಡದೆ ಕೂತಿದ್ದು, ಅದರ ತುದಿಯಿಂದ ನೂಲು ಸರಸರನೆ ಬಿಚ್ಚಿಕೊಳ್ಳುವುದನ್ನು ನಮ್ಮ ಇಳಕಲ್ಲಿನ ನೇಕಾರರಂತೆಯೇ ಅವನ ಊರಿನವರೂ ದಿನಬೆಳಗಾದರೆ ನೋಡುತ್ತಿದ್ದವರು. ಗಿರಣಿಯ ಆ ದೃಶ್ಯವೇ ರೀಲಿನ ಕಲ್ಪನೆಗೆ ಬೀಜವಾಯಿತೆಂದು ಹೇಳುವ ವಾಡಿಕೆಯನ್ನು ನಂಬಲು ನನಗೆ ಕಷ್ಟವೇನೂ ಆಗುವುದಿಲ್ಲ.

ಇಷ್ಟಾದರೂ ಈ ಹೊಸ ರೀಲು ಕೂಡಲೇ ಮನೆಮಾತಾಗಲಿಲ್ಲ, ಕಾರಣ ನೂಲು. ಆಗಿನದು ರೇಷ್ಮೆಯ ನೂಲು. ಅದು ನೀರು ಕುಡಿಯುತ್ತಿತ್ತು, ಪ್ರತಿದಿನವೂ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಆಲ್ನಿಕ್ ಪಟ್ಟಣದ ಹಾರ್ಡಿ ಸೋದರರು 1930ರ ದಶಕದ ಮೊದಲಲ್ಲಿ ತಮ್ಮ ಆಲ್ಟೆಕ್ಸ್ ರೀಲಿಗೆ, ಹಿಡಿ ತಿರುಗಿಸಿದೊಡನೆ ನೂಲನ್ನು ತಾನಾಗಿ ಎತ್ತಿಕೊಳ್ಳುವ ಕಮಾನಿನ ತಂತಿಯನ್ನು ಅಳವಡಿಸಿದರು; ಅದರ ಹಕ್ಕನ್ನು ಅವರು ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ಉಳಿದವರು ಬಹುಕಾಲ ಅರ್ಧ ತಂತಿಯಲ್ಲೋ ಬೆರಳಿನಲ್ಲೋ ಕೆಲಸ ಸಾಗಿಸಬೇಕಾಯಿತು. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯು ನೈಲಾನನ್ನು ಪ್ರಕಟಿಸಿ, ಮಹಾಯುದ್ಧ ಮುಗಿದ ಮೇಲೆ ಅದರ ಒಂಟಿ ಎಳೆಯ ನೂಲು ಅಂಗಡಿಗಳಿಗೆ ಬಂದಾಗ, ತೆಳುವಾದ, ಕೊಳೆಯದ, ಹಗುರವಾದ ಗಾಳವನ್ನೂ ದೂರಕ್ಕೆ ಒಯ್ಯಬಲ್ಲ ಆ ನೂಲಿಗೆ ನಿಂತ ಉರುಳೆಯ ರೀಲೇ ಸರಿಯಾದ ಜೋಡಿಯಾಯಿತು.

ನಮ್ಮ ಕಡೆಯ ಗಾಳಗಾರರು ಈ ಪ್ರವಾಹಕ್ಕೆ ಬೇಗ ಸಿಕ್ಕಲಿಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸನು ಭಾರತದ ಗಾಳಗಾರಿಕೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು 1873ರಲ್ಲಿ ಪ್ರಕಟಿಸಿದಾಗ ಇಲಿಂಗ್‌ವರ್ತನ ರೀಲು ಇನ್ನೂ ಹುಟ್ಟಿರಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ ಮೀನು 120 ಪೌಂಡು ತೂಗಿತು. ಬಂಡೆಗಳ ನಡುವೆ ಧುಮುಕಿ ಓಡುವ ಅಂತಹ ಮೀನಿಗೆ ಪುಟ್ಟ ರೀಲನ್ನು ಒಡ್ಡುವುದು ಸಾಹಸವೆನಿಸಿದ್ದರೆ ಆಶ್ಚರ್ಯವಿಲ್ಲ.

ನೈಲಾನಿನ ಯುಗವನ್ನು ಆಳಿದ ರೀಲುಗಳು ಬಂದದ್ದು ಗಡಿಯಾರದ ಊರುಗಳಿಂದ. ಫ್ರಾನ್ಸಿನ ಆಲ್ಪ್ಸ್ ತಪ್ಪಲಲ್ಲಿ ಕ್ಲೂಸ್ ಎಂಬ ಪಟ್ಟಣವಿದೆ; ಆ ಸೀಮೆಯಿನ್ನೂ ಫ್ರಾನ್ಸಿಗೆ ಸೇರದಿದ್ದ 1848ರಲ್ಲಿಯೇ ಅಲ್ಲಿ ಗಡಿಯಾರ ವಿದ್ಯೆಯ ರಾಜಶಾಲೆ ಸ್ಥಾಪನೆಯಾಗಿತ್ತು. ಆ ಕಸಬಿನಲ್ಲಿ ಬೆಳೆದ ಕಾರ್ಪಾನೋ ಮತ್ತು ಪೋನ್ಸ್ ಸಂಸ್ಥೆಯೇ ಮಿಚೆಲ್ ರೀಲುಗಳನ್ನು ತಯಾರಿಸಿದುದು. ಇತ್ತ ಸ್ವೀಡನ್ನಿನ ಸ್ವೆಂಗ್‌ಸ್ಟಾದಲ್ಲಿ, ಸಾಲ್ಮನ್ ಮೀನಿಗೆ ಹೆಸರಾದ ಮೋರುಮ್ ನದಿಯ ದಡದಲ್ಲಿ, ಕಾರ್ಲ್ ಬೋರ್ಗ್‌ಸ್ಟ್ರೋಮನು 1921ರಲ್ಲಿ ಗಡಿಯಾರದ ಕಾರ್ಖಾನೆಯೊಂದನ್ನು ತೆರೆದನು. ಅದು ಟ್ಯಾಕ್ಸಿಯ ಮೀಟರುಗಳನ್ನು ಮಾಡುತ್ತಿರಲಾಗಿ, ಯುದ್ಧಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಟ್ಯಾಕ್ಸಿಗಳು ನಿಂತು ಮೀಟರನ್ನು ಕೇಳುವವರಿಲ್ಲದೆ ಹೋದಾಗ, ಕೆಲಸಗಾರರ ಕೈ ಖಾಲಿ ಬಿಡಲಾಗದೆ ರೀಲಿನ ಕಡೆಗೆ ಹೊರಳಿತು. ಅದೇ ಆಬು ಸಂಸ್ಥೆ. 1960ರ ದಶಕದಲ್ಲಿ ಅದು ಹೊರತಂದ ಕಾರ್ಡಿನಲ್ ಎಂಬ ರೀಲಿನ ಡ್ರ್ಯಾಗು ಹಿಂಬದಿಯಲ್ಲಿತ್ತು.

ಡ್ರ್ಯಾಗ್ ಎಂದರೆ ಜಾರುವ ಬಿಗಿ. ಮೀನು ನೂಲಿನ ಶಕ್ತಿಯನ್ನು ಮೀರಿ ಎಳೆಯುವ ಮೊದಲೇ ಉರುಳೆಯು ತುಸು ತುಸುವಾಗಿ ಜಾರಿ ನೂಲನ್ನು ಬಿಟ್ಟುಕೊಡಬೇಕು; ನೂಲು ತಾಳುವ ಭಾರದ ಕಾಲು ಭಾಗಕ್ಕೋ ಮೂರನೆಯ ಒಂದು ಭಾಗಕ್ಕೋ ಅದನ್ನು ಹೊಂದಿಸುವುದು ಬಲ್ಲವರ ಕ್ರಮ. ಮುಂಬದಿಯ ಡ್ರ್ಯಾಗಿನಲ್ಲಿ ವಾಷರುಗಳು ಉರುಳೆಯ ಹೊಟ್ಟೆಯಲ್ಲೇ ಇರುತ್ತವೆ. ಅಚ್ಚು ಸ್ಥಿರ, ಉರುಳೆ ಅದರ ಮೇಲೆ ಜಾರುತ್ತದೆ. ಅದನ್ನು ಬಿಗಿ ಮಾಡಲು ಮೀನು ಎಳೆಯುತ್ತಿರುವಾಗಲೇ ಕೈಯನ್ನು ನೂಲಿನಾಚೆಗೆ ಚಾಚಬೇಕು. ಹಿಂಬದಿಯದರಲ್ಲಿ ಉರುಳೆಯನ್ನು ಅಚ್ಚಿಗೆ ಕಚ್ಚಿಸಿ, ಅಚ್ಚೇ ಜಾರುವಂತೆ ಮಾಡಿ, ಅದರ ಬಾಲವನ್ನು ರೀಲಿನ ಬೆನ್ನಿನಲ್ಲಿ ವಾಷರುಗಳ ನಡುವೆ ಅದುಮಿ, ಹೊರಗೊಂದು ಗುಂಡಿಯನ್ನಿಟ್ಟಿರುತ್ತಾರೆ. ಕೈಗೆ ಇದಕ್ಕಿಂತ ಅನುಕೂಲವಿಲ್ಲ. ಆದರೆ ಆ ಅಚ್ಚು ನೂಲನ್ನು ಸಮವಾಗಿ ಹರಡಲು ಹಿಂದಕ್ಕೂ ಮುಂದಕ್ಕೂ ಓಡಾಡಬೇಕು, ಮೀನು ಎಳೆದಾಗ ಸುತ್ತಲೂ ಬೇಕು. ಎರಡು ಯಜಮಾನರ ಚಾಕರಿಗೆ ನಿಂತ ಆಳಿನಂತೆ ಅದರ ಪಾಡು.

ಇಂತಹ ರೀಲೊಂದನ್ನು ಬಿಚ್ಚಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಮೊದಲು ಹಿಂದಿನ ಗುಂಡಿಯನ್ನು ಪೂರ್ತಿ ಸಡಿಲಿಸಿ ತೆಗೆಯಬೇಕು; ಅದರ ಕೆಳಗೆ ಟಿಕ್ ಟಿಕ್ಕೆನ್ನುವ ಒಂದು ಸಣ್ಣ ಸ್ಪ್ರಿಂಗು ಅವಿತಿದ್ದು, ಅಜಾಗರೂಕನ ಕೈಯಿಂದ ಹಾರಿ ಜಮಖಾನದ ಎಳೆಗಳಲ್ಲಿ ಅಂತರ್ಧಾನವಾಗುವುದೇ ಅದರ ಸ್ವಭಾವ. ಆಮೇಲೆ ಬಿಲ್ಲೆಗಳು: ಉಣ್ಣೆಯದೋ ನಾರಿನದೋ ಒಂದು, ಲೋಹದ್ದೊಂದು, ಲೋಹದವುಗಳಲ್ಲಿ ಕೆಲವು ಕಿವಿಯುಳ್ಳವು, ಕೆಲವು ಮಧ್ಯದ ತೂತು ಚಪ್ಪಟೆಯಾದವು, ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡದಿದ್ದವನು ಮರುಜೋಡಣೆಯಲ್ಲಿ ಪರಿತಪಿಸುತ್ತಾನೆ. ಪಕ್ಕದ ಮುಚ್ಚಳ ತೆರೆದರೆ ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಕಾರ್ಡಿನಲ್ಲಿನ ವರ್ಮ್ ಗೇರಿನಲ್ಲಿ ಹಲ್ಲು ಹಲ್ಲನ್ನು ತಳ್ಳುವುದಕ್ಕಿಂತ ಸವರಿಕೊಂಡು ಹೋಗುವುದೇ ಹೆಚ್ಚಾದುದರಿಂದ, ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬದೆ ಗತ್ಯಂತರವಿಲ್ಲ. ಒಣಗಿಯೇ ಕೆಲಸ ಮಾಡಬೇಕಾದ ಬಿಲ್ಲೆಗೆ ಎಣ್ಣೆ ಸೋಕಿದರೆ ಬಿಗಿ ಕೆಟ್ಟಿತು. ಉಣ್ಣೆಯ ಬಿಲ್ಲೆಗೆ ಗ್ರೀಸು ಸಿಕ್ಕದಿದ್ದರೂ ಕೆಟ್ಟಿತು.

ನೈಲಾನು ಹಿಗ್ಗುವ ಪದಾರ್ಥ. ಹಿಂಬದಿಯ ಡ್ರ್ಯಾಗು ಮೊದಲ ಎಳೆತಕ್ಕೆ ಕ್ಷಣಕಾಲ ತಡವರಿಸಿದರೂ ಆ ತಪ್ಪನ್ನು ನೂಲು ತನ್ನ ಮೈಯಲ್ಲೇ ನುಂಗಿಕೊಳ್ಳುತ್ತಿತ್ತು. 1980ರ ದಶಕದಲ್ಲಿ ಜಪಾನಿನ ಶಿಮಾನೋ ಬೈಟ್‌ರನ್ನರ್ ಎಂಬ ರೀಲಿನ ಹಿಂಬದಿಯಲ್ಲಿ ಎರಡನೆಯ, ಸಡಿಲವಾದ ಬಿಗಿಯೊಂದನ್ನು ಕೂಡಿಸಿ, ಎರೆಯನ್ನು ಕಚ್ಚಿದ ಕಾರ್ಪ್ ಮೀನು ಅನುಮಾನವಿಲ್ಲದೆ ಓಡುವಂತೆ ಮಾಡಿದಾಗ ಈ ಪದ್ಧತಿಯ ವೈಭವ ತುದಿ ಮುಟ್ಟಿತೆನ್ನಬಹುದು. ಮರುದಶಕದಲ್ಲಿ ಪಾಲಿಥೀನ್ ಎಳೆಗಳನ್ನು ಹೆಣೆದ ನೂಲು ಹಬ್ಬಿತು. ಅದು ಕೂದಲೆಳೆಯಷ್ಟೂ ಹಿಗ್ಗದು. ಈಗ ಕ್ಷಣದ ತಡವರಿಕೆಯೂ ಅಪರಾಧವಾಯಿತು. ಉರುಳೆಯೊಳಗಿನ ಅಗಲವಾದ ವಾಷರುಗಳು ಬೆನ್ನಿನೊಳಗಿನ ಕಿರಿಯ ವಾಷರುಗಳಿಗಿಂತ ನಯವಾಗಿಯೂ ಸಮನಾಗಿಯೂ ಜಾರುವುದರಿಂದ, ಕಡಲಿನ ಭಾರಿ ಮೀನುಗಳ ಬೇಟೆಗಾರರು ಮೊದಲ್ಗೊಂಡು ಬಹುಜನರು ಮುಂಬದಿಗೇ ಮರಳಿದರು. ಎರಡನ್ನೂ ತೂಗಿ ನೋಡುವವರು ಒಂದನ್ನು ಉತ್ತಮ, ಇನ್ನೊಂದನ್ನು ಅಧಮವೆಂದು ತೀರ್ಪು ಕೊಡುವುದು ನನಗೆ ಸರಿಕಾಣದು. ತೆಳುವಾದ ನೈಲಾನನ್ನು ಸುತ್ತಿಕೊಂಡು ಸಣ್ಣ ಹೊಳೆಯಲ್ಲಿ ನಿಲ್ಲುವವನಿಗೆ ಹಿಂದಿನ ಗುಂಡಿ ಇಂದಿಗೂ ಸಾಕು.

ಜಪಾನಿನ ಬೆಟ್ಟದ ತೊರೆಗಳಲ್ಲಿ ಟ್ರೌಟ್ ಹಿಡಿಯುವವರು ಈ ಮಾತನ್ನು ಒಪ್ಪುತ್ತಾರೆ. ಕಾರ್ಡಿನಲ್ಲಿನ ಚಿಕ್ಕ ಮಾದರಿಗಳಾದ 3 ಮತ್ತು 33ರ ಮೇಲೆ ಅವರಿಗಿದ್ದ ಅಭಿಮಾನ ಎಷ್ಟೆಂದರೆ, ಹಳೆಯ ವಿನ್ಯಾಸವನ್ನೇ ಅವರಿಗಾಗಿ ಪುನಃ ತಯಾರಿಸಬೇಕಾಯಿತು.