ಗುಂಡುಕಲ್ಲೂ ಕೈಯಂಟೂ



ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿದೆ. ಕ್ರಿ. ಶ. 950ರ ಸುಮಾರಿನ ಒಂದು ಶಿಲಾಶಾಸನದಿಂದ ಅದರ ಹೆಸರು ಚರಿತ್ರಕಾರರಿಗೆಲ್ಲ ಪರಿಚಿತವಾಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಆಳುತ್ತಿದ್ದ ಕಾಲದಲ್ಲಿ, ಮಣಲೆರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಒಂದು ಮಹಾವರಾಹದೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಪರಾಕ್ರಮಕ್ಕೂ ಹೀಗೆ ಶಾಸನವುಂಟು. ಆದರೆ ಗುಂಡುಕಲ್ಲನ್ನೆತ್ತಿ ತಮ್ಮ ಬಲವನ್ನು ಊರಿಗೆ ತೋರಿದ ಒಕ್ಕಲುಮಕ್ಕಳ ಹೆಸರನ್ನು ಯಾರೂ ಕಂಡರಿಸಲಿಲ್ಲ. ಅವರ ಪಾಲಿಗೆ ಎತ್ತಿದ ಕಲ್ಲೇ ಶಾಸನವಾಗಿದೆ. ಆ ಶಾಸನವನ್ನು ಓದುವ ಬಗೆ ಹೇಗೆ, ಅದು ಅಳಿಸಿಹೋಗದಂತೆ ಕಾಯುವ ಬಗೆ ಹೇಗೆ ಎಂಬುದೇ ಈ ಭಾಷಣದ ವಿಷಯ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗುಂಡು ಎತ್ತುವುದು ಹಬ್ಬಹರಿದಿನಗಳ ಆಟವೂ ಹೌದು, ಯೌವನದ ಪರೀಕ್ಷೆಯೂ ಹೌದು. ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲ ಬಹುಮಟ್ಟಿಗೆ ನೈಸ್ ಶಿಲೆಯದು. ಕಲ್ಲಿಗೆ ಇಲ್ಲಿ ಬಡತನವಿಲ್ಲ. ದುಂಡಗಿನ ಒಂದು ಕಲ್ಲನ್ನು ಮೊದಲು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ, ಕೊನೆಗೆ ಬೆನ್ನ ಹಿಂದಕ್ಕೆ ಉರುಳಿಸುವುದು ಪೂರ್ಣವಾದ ಎತ್ತು. ಉತ್ತರ ಕರ್ನಾಟಕದಲ್ಲಿ ಸಂಗ್ರಾಣಿ ಕಲ್ಲೆಂಬುದೂ, ತಮಿಳುನಾಡಿನಲ್ಲಿ ಇಳವಟ್ಟಕ್ಕಲ್ ಎಂಬುದೂ ಇದೇ ಬಳಗದವು. ವಿದ್ಯೆಯೂ ಹೊಸದಲ್ಲ. ಕ್ರಿ. ಶ. 1130ರ ಸುಮಾರಿನಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರು ಮಾಡಬೇಕಾದ ಸಾಧನೆಗಳನ್ನು ಹೇಳುವಾಗ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಸ್ತಂಭಶ್ರಮಗಳೊಡನೆ ಭಾರವೆತ್ತುವ ಭಾರಶ್ರಮವನ್ನೂ ಎಣಿಸಿದೆ.

ಗುಂಡುಕಲ್ಲಿಗೆ ಹಿಡಿಯಿಲ್ಲ, ಅದರ ಕಷ್ಟವೆಲ್ಲ ಇಲ್ಲಿಯೇ ಅಡಗಿದೆ. ಎರಡು ಅಂಗೈಗಳಿಂದ ಎರಡು ಪಕ್ಕವನ್ನು ಅದುಮಿ 80 ಕಿಲೋಗ್ರಾಂ ತೂಕದ ಕಲ್ಲೊಂದನ್ನು ಎತ್ತುವೆವೆಂದು ಇಟ್ಟುಕೊಳ್ಳೋಣ. ಅಂಗೈಗೂ ಕಲ್ಲಿಗೂ ನಡುವಣ ಘರ್ಷಣೆಯು ಅದುಮುವ ಬಲದ ಅರ್ಧದಷ್ಟಿದ್ದರೆ, ಒಂದೊಂದು ಅಂಗೈಯೂ 80 ಕಿಲೋಗ್ರಾಂ ಭಾರಕ್ಕೆ ಸಮನಾಗಿ ಅದುಮಬೇಕಾಗುತ್ತದೆ. ಬೆವರಿನಿಂದ ಘರ್ಷಣೆಯು ಕಾಲುಭಾಗಕ್ಕೆ ಇಳಿದರೆ, ಅದೇ ಕಲ್ಲಿಗೆ 160 ಕಿಲೋಗ್ರಾಮಿನಷ್ಟು ಒತ್ತಡ ಬೇಕು. ಅನುಭವಶಾಲಿಯು ಬೆರಳುಗಳನ್ನು ಕಲ್ಲಿನ ಅಡಿಗೆ ಸೇರಿಸಿ, ಬೇಗನೆ ತೊಡೆಗೆಳೆದುಕೊಂಡು ಈ ಲೆಕ್ಕವನ್ನು ಹಗುರಮಾಡಿಕೊಳ್ಳುವನೆಂಬುದು ನಿಜ. ಆದರೂ ಬೆನ್ನು ಸೋಲುವುದಕ್ಕೆ ಮುಂಚೆಯೇ ಕೈ ಜಾರುವುದುಂಟು. ಆದುದರಿಂದ ಕೈಗೆ ಏನನ್ನು ಬಳಿದುಕೊಳ್ಳಬಹುದು ಎಂಬ ಪ್ರಶ್ನೆಯು ಕಲ್ಲೆತ್ತುವ ವಿದ್ಯೆಯಷ್ಟೇ ಹಳೆಯದು.

ನಮ್ಮ ಗರಡಿಗಳು ಈ ಪ್ರಶ್ನೆಗೆ ಕೊಟ್ಟ ಉತ್ತರ ಮಣ್ಣು. ಕೆಮ್ಮಣ್ಣನ್ನು ಜರಡಿಹಿಡಿದು, ಎಣ್ಣೆ, ತುಪ್ಪ, ಅರಿಸಿನ, ಮಜ್ಜಿಗೆ ಮೊದಲಾದುವನ್ನು ಬೆರಸಿ ಹದಮಾಡಿದ ಆ ಮಟ್ಟಿಗೆ ಪೂಜೆ ಸಲ್ಲುತ್ತದೆ. ಕುಸ್ತಿಯಾಳು ಅದನ್ನು ತನ್ನ ಅಂಗೈಗೆ ಉಜ್ಜಿಕೊಳ್ಳುತ್ತಾನೆ. ಎದುರಾಳಿಯ ಬೆವೆತ ಮೈಗೂ ಎರಚುತ್ತಾನೆ. ಮಣ್ಣು ಬೆವರನ್ನು ಹೀರಿ ಚರ್ಮವನ್ನು ಒಣಗಿಸುತ್ತದೆ. ಅದಕ್ಕಿಂತ ಹೆಚ್ಚಿಗೆ ಏನನ್ನೂ ಮಾಡದು. ಪಾಶ್ಚಾತ್ಯ ವ್ಯಾಯಾಮಶಾಲೆಗಳಲ್ಲಿ ಬಳಸುವ ಬಿಳಿಯ ಪುಡಿ, ಎಂದರೆ ಮೆಗ್ನೀಸಿಯಂ ಕಾರ್ಬೊನೇಟು, ಮಾಡುವುದೂ ಇಷ್ಟನ್ನೇ. ಬೆವರೆಂಬ ಅಡ್ಡಿಯನ್ನು ತೆಗೆದ ಮೇಲೆ ಉಳಿಯುವುದು ಆ ಮನುಷ್ಯನ ಕೈಯೇ.

ಇದಕ್ಕೆ ಪ್ರತಿಯಾದ ಇನ್ನೊಂದು ಉಪಾಯವಿದೆ. ಪಿಟೀಲಿನ ಕಮಾನಿಗೆ ಉಜ್ಜುವ ರಾಳವನ್ನು ತಾವೆಲ್ಲರೂ ಕಂಡಿದ್ದೀರಿ. ಪೈನ್ ಜಾತಿಯ ಮರಗಳಿಂದ ದೊರೆಯುವ ಅದೇ ರಾಳವನ್ನು ಮೆತ್ತಗೆಮಾಡಿ, ಜೇನಿಗಿಂತ ಗಟ್ಟಿಯಾದ ಲೇಹ್ಯದಂತಹ ಅಂಟನ್ನು ಸಿದ್ಧಪಡಿಸುತ್ತಾರೆ. ಜಗತ್ತಿನ ಮಹಾಬಲಶಾಲಿಗಳ ಸ್ಪರ್ಧೆಯು 1977ರಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಪ್ರಾರಂಭವಾಯಿತು. 1986ರಲ್ಲಿ ಎರಕಹೊಯ್ದ ದುಂಡುಗಲ್ಲುಗಳು ಅದರಲ್ಲಿ ಸೇರಿದುವು. ಆ ನುಣುಪಾದ ಗೋಳಗಳನ್ನೆತ್ತಲು ಅಂಗೈಗೂ ಮುಂಗೈಗೂ ಟ್ಯಾಕಿ ಎಂಬ ಈ ಅಂಟನ್ನು ಬಳಿದುಕೊಳ್ಳುವುದು ಇಂದು ಅಂಥ ಸ್ಪರ್ಧಾಳುಗಳಲ್ಲಿ ವಾಡಿಕೆಯಾಗಿದೆ. ಬಿಸಿಲಿಗೆ ಅದು ಕರಗುತ್ತದೆ, ಚಳಿಗೆ ಬಿರುಸಾಗುತ್ತದೆ. ಆದಕಾರಣ ಹವೆಗೆ ತಕ್ಕಂತೆ ಬೇರೆ ಬೇರೆ ಹದದ ಅಂಟುಗಳನ್ನು ಮಾರುತ್ತಾರೆ. ಹಲಸಿನ ಹಣ್ಣು ಬಿಡಿಸಿದ ಕೈಯನ್ನು ನೀರಿನಿಂದ ತೊಳೆದು ಸೋತವರು ಎಣ್ಣೆಯ ಮೊರೆಹೋಗುವಂತೆ, ಈ ಅಂಟನ್ನು ಬಿಡಿಸುವುದಕ್ಕೂ ಎಣ್ಣೆಯೇ ಬೇಕು.

ಮಣ್ಣಿಗೂ ಅಂಟಿಗೂ ಇರುವ ಭೇದವನ್ನು ಗಮನಿಸಬೇಕು. ಮಣ್ಣು ಕಳೆಯುತ್ತದೆ, ಅಂಟು ಕೂಡಿಸುತ್ತದೆ. ಕೈ ಅದುಮುವುದನ್ನು ಸಡಿಲಿಸಿದರೂ ಅಂಟು ಕ್ಷಣಕಾಲ ಕಲ್ಲನ್ನು ಬಿಡದು. ಬೆರಳಿನ ಕೆಲಸದ ಒಂದು ಪಾಲನ್ನು ಅದು ತಾನೇ ವಹಿಸಿಕೊಳ್ಳುತ್ತದೆ. ಇವೆರಡಕ್ಕೂ ಹಗೆತನವೂ ಉಂಟು. ಅಂಟಿನ ಮೇಲೆ ಧೂಳು ಕೂತಿತೆಂದರೆ ಅದರ ಹಿಡಿತ ಹೋಯಿತು. ಗರಡಿಯ ಮಣ್ಣಿನಲ್ಲಿ ನಿಂತವನಿಗೆ ರಾಳವು ನಿಷ್ಪ್ರಯೋಜಕ.

ಹಾಗಾದರೆ ಅಂಟು ಅಧರ್ಮವೇ? ಹಾಗೆನ್ನಲಾಗದು. ಕಲ್ಲಿಗೆ ಹಿಡಿಯನ್ನು ಕೊಟ್ಟವರು ನಾವು ಮೊದಲೇ ಉಂಟು. ಕಬ್ಬಿಣದ ಸರಳಿಗೆ ಭಾರವನ್ನು ಸಿಕ್ಕಿಸಿ ಎತ್ತುವುದು 1896ರ ಒಲಿಂಪಿಕ್ ಪಂದ್ಯಗಳಲ್ಲಿಯೇ ಸೇರಿತ್ತು. ನಮ್ಮ ನಾಡಿನಲ್ಲಿ ಕೆ. ವಿ. ಅಯ್ಯರ್ ಅವರು, 1897ರಿಂದ 1980ರವರೆಗೆ ಬಾಳಿದ ಆ ವ್ಯಾಯಾಮಾಚಾರ್ಯರು, ‘ಶಾಂತಲಾ’ ಕಾದಂಬರಿಯ ಕರ್ತೃಗಳು, ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಅಂಥ ಸಾಧನಗಳಿಂದಲೇ ಒಂದು ಪೀಳಿಗೆಯ ತರುಣರ ದೇಹವನ್ನು ತಿದ್ದಿದರು. ಹಿಡಿಯುಳ್ಳ ಸರಳು ಬೆನ್ನನ್ನೂ ತೊಡೆಯನ್ನೂ ಪರೀಕ್ಷಿಸುತ್ತದೆ. ಹಿಡಿಯಿಲ್ಲದ ಕಲ್ಲು ಇವುಗಳೊಡನೆ ಕೈಯನ್ನೂ ಪರೀಕ್ಷಿಸುತ್ತದೆ. ಅಂಟು ಬಳಿದ ಕೈಯ ಎತ್ತು ಇವೆರಡರ ನಡುವಣದು. ಮುಂಗೈಯ ಚರ್ಮ ಸುಲಿಯದಂತೆ, ಅಭ್ಯಾಸದಲ್ಲಿ ಕಲ್ಲು ಕಾಲಮೇಲೆ ಬೀಳದಂತೆ ಅದು ನೆರವಾಗುವುದಾದರೆ ಬೇಡವೆನ್ನುವುದು ಅವಿವೇಕ. ಯಾವ ಪರೀಕ್ಷೆ ನಡೆಯುತ್ತಿದೆಯೆಂಬುದನ್ನು ಮುಂಚಿತವಾಗಿ ಸಾರಿದರೆ ಸಾಕು.

ಆದರೆ ಊರಿನ ಹಳೆಯ ಗುಂಡಿನ ಮಾತು ಬೇರೆ. ಐಸ್‌ಲೆಂಡ್ ದ್ವೀಪದ ಒಂದು ಕಡಲತೀರದಲ್ಲಿ ನಾಲ್ಕು ಕಲ್ಲುಗಳಿವೆ. ಅವುಗಳ ತೂಕ ಕ್ರಮವಾಗಿ 154, 100, 54, 23 ಕಿಲೋಗ್ರಾಂ. ದೋಣಿಯ ಕೆಲಸಕ್ಕೆ ಬಂದ ಬೆಸ್ತನು 54 ಕಿಲೋಗ್ರಾಮಿನ ಕಲ್ಲನ್ನಾದರೂ ಎತ್ತಲಾರದೆ ಹೋದರೆ ಅವನು ಹುಟ್ಟುಹಾಕಲು ತಕ್ಕವನಲ್ಲವೆಂದು ಎಣಿಸುತ್ತಿದ್ದರು. ಅಲ್ಲಿ ಕಲ್ಲು ಅಳತೆಗೋಲು. ನಮ್ಮ ಗುಂಡುಗಳೂ ಹಾಗೆಯೇ: ಅಜ್ಜನು ಎತ್ತಿದ ಕಲ್ಲಿನ ಮುಂದೆ ಮೊಮ್ಮಗನು ಬಂದು ನಿಂತಾಗ ಎರಡು ಕಾಲಗಳು ಒಂದೇ ತಕ್ಕಡಿಯಲ್ಲಿ ಕೂರುತ್ತವೆ. ಅಜ್ಜನ ಕೈಯಲ್ಲಿದ್ದುದು ಊರಿನ ಮಣ್ಣು. ಮೊಮ್ಮಗನು ಅಂಟು ಬಳಿದುಕೊಂಡು ಎತ್ತಿದರೆ ತಕ್ಕಡಿಯ ಒಂದು ತಟ್ಟೆಗೆ ಗುಟ್ಟಾಗಿ ಬೊಟ್ಟಿಟ್ಟಂತಾಗುತ್ತದೆ. ಅಷ್ಟೇ ಅಲ್ಲದೆ ರಾಳವು ಕಲ್ಲಿನ ಮೈಗೆ ಮೆತ್ತಿಕೊಳ್ಳುತ್ತದೆ. ನಾಳೆ ಬರುವವನಿಗೆ ನಿನ್ನೆಯ ಕಲ್ಲು ಸಿಗುವುದಿಲ್ಲ. ಸ್ಕಾಟ್ಲೆಂಡಿನ ಪುರಾತನ ಕಲ್ಲುಗಳನ್ನು ಎತ್ತುವವರಲ್ಲಿ ಅನೇಕರು ಅಂಟನ್ನು ವರ್ಜಿಸುವುದಕ್ಕೆ ಇದೇ ಕಾರಣ.

ಆದುದರಿಂದ ನನ್ನ ವಿಜ್ಞಾಪನೆಯಿಷ್ಟು. ಹೊಸದಾಗಿ ಎರಕಹೊಯ್ದ ಗೋಳಗಳಿಗೆ ಬೇಕಾದವರು ಅಂಟನ್ನು ಬಳಸಲಿ. ಅರಳಿಕಟ್ಟೆಯ ಬಳಿಯ ಗುಂಡಿಗೆ ಒಣಗಿದ ಕೈ, ಹೆಚ್ಚೆಂದರೆ ಒಂದು ಹಿಡಿ ಮಣ್ಣು ಸಾಕು. ಇದಕ್ಕಿಂತ ಅವಸರದ ಕೆಲಸವೊಂದಿದೆ. ಇಂತಹ ಕಲ್ಲುಗಳು ಚರಂಡಿಯ ಅಂಚಿಗೂ ಕಟ್ಟಡದ ಪಾಯಕ್ಕೂ ಸೇರಿಹೋಗುವುದು ಬಹು ಸುಲಭ. ತಮ್ಮ ಹುಟ್ಟೂರಿಗೆ ಹೋದಾಗ ತಾವು ಅದನ್ನು ತೂಗಿಸಿ, ಸುತ್ತಳತೆಯನ್ನು ತೆಗೆದು, ಎಲ್ಲಿಯವರೆಗೆ ಎತ್ತಿದರೆ ಎತ್ತಿದಂತೆ ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಎತ್ತಿದವರು ಬರೆಯಲಿಲ್ಲ, ಬರೆಯಬಲ್ಲವರು ಎತ್ತಲಿಲ್ಲ. ಕಾಳಿಯೆಂಬ ನಾಯಿಗೆ ಆತಕೂರಿನಲ್ಲಿ ಸಂದ ಮರ್ಯಾದೆ ಆ ಊರುಗಳ ಮಕ್ಕಳಿಗೂ ಸಲ್ಲುವುದು ನ್ಯಾಯ.