ಹಂದಿ ಕೊಬ್ಬು, ಕುದುರೆ ಕೂದಲು, ನರೂಲಿ

ಫ್ರಾನ್ಸಿಸ್ ಬೇಕನ್ ಗೊತ್ತಲ್ಲ, ಪ್ರಯೋಗ ಮಾಡದೆ ಏನನ್ನೂ ನಂಬಬೇಡಿ ಅಂದವನು. ಅವನ ಬೆರಳಲ್ಲಿ ಚಿಕ್ಕಂದಿನಿಂದಲೂ ಒಂದು ನರೂಲಿ ಇತ್ತು. ಹದಿನಾರರ ಆಸುಪಾಸಿನಲ್ಲಿ ಪ್ಯಾರಿಸ್‌ಗೆ ಹೋದಾಗ ಒಂದು ತಿಂಗಳೊಳಗೆ ಕೈತುಂಬ ನೂರರಷ್ಟು ಎದ್ದವು. ಇಂಗ್ಲೆಂಡಿನ ರಾಯಭಾರಿಯ ಹೆಂಡತಿ ಹಂದಿ ಕೊಬ್ಬಿನ ತುಂಡೊಂದನ್ನು ಎಲ್ಲದಕ್ಕೂ ತಿಕ್ಕಿ, ಅದನ್ನು ಬಿಸಿಲು ಬೀಳೋ ಕಿಟಕಿಗೆ ಮೊಳೆ ಹೊಡೆದು ನೇತುಹಾಕಿದಳು. ಐದು ವಾರದಲ್ಲಿ ಎಲ್ಲ ಮಾಯ! ಹೊಸವು ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ, ಆ ಹಳೇದು ಹೇಗೆ ಹೋಯ್ತು ಅನ್ನೋದೇ ಬಗೆಹರಿಯುತ್ತಿಲ್ಲ ಅಂತ ಬೇಕನ್ ಬರೆದಿಟ್ಟ. ಅವನು ಸತ್ತ ಮೇಲೆ ಅಚ್ಚಾದ ‘ಸಿಲ್ವಾ ಸಿಲ್ವಾರಮ್’ನಲ್ಲಿ ಈ ಕಥೆ ಇದೆ.

ನಮ್ಮ ಸುಶ್ರುತ ಇಷ್ಟು ನಾಜೂಕಿನವನಲ್ಲ. ‘ಮಷಕ’ವನ್ನು ಶಸ್ತ್ರದಿಂದ ಕೆರೆದು ಕ್ಷಾರದಿಂದಲೋ ಬೆಂಕಿಯಿಂದಲೋ ಸುಡು ಅಂತಾನೆ. ಊರಕಡೆ ಈಗಲೂ ಸುಣ್ಣ, ಸೋಡಾ ಕಲಸಿ ಹಚ್ಚುತ್ತಾರಲ್ಲ, ಅದೂ ಕ್ಷಾರವೇ. ಚರ್ಮ ಸುಟ್ಟು ಕಲೆ ಉಳಿಯೋದು ಬೋನಸ್ಸು.

ಉತ್ತರ ಸಿಕ್ಕಿದ್ದು 1907ರಲ್ಲಿ. ಜುಸೆಪ್ಪೆ ಚುಫೊ ಎಂಬ ಇಟಲಿಯ ವೈದ್ಯ ನರೂಲಿಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟದ ಸೋಸುಕದಲ್ಲಿ ಸೋಸಿ, ಆ ರಸವನ್ನು ತನ್ನ ಚರ್ಮಕ್ಕೇ ಚುಚ್ಚಿಕೊಂಡ. ತಿಂಗಳುಗಳ ನಂತರ ಅಲ್ಲೇ ನರೂಲಿ ಎದ್ದಿತು. ಅಂದ್ರೆ ಇದು ವೈರಸ್ಸಿನ ಕೆಲಸ. ಇವತ್ತು ಅದನ್ನು ಎಚ್‌ಪಿವಿ ಅಂತೀವಿ. ಹೆಸರಲ್ಲಿ ‘ನರ’ ಇದ್ದರೂ ಅದಕ್ಕೆ ನರವೂ ಇಲ್ಲ, ಬೇರೂ ಇಲ್ಲ. ಚರ್ಮದ ಮೇಲ್ಪದರದಲ್ಲೇ ಅದರ ಸಂಸಾರ. ನಮ್ಮ ರೋಗನಿರೋಧಕ ಶಕ್ತಿ ಅದನ್ನು ಗುರುತಿಸೋದು ತಡವಾಗಿ. ಗುರುತಿಸಿತೋ, ತಾನಾಗಿ ಉದುರುತ್ತೆ. ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ನರೂಲಿಗಳು ಎರಡು ವರ್ಷದೊಳಗೆ ಹೀಗೇ ಹೋಗುತ್ತವೆ. ಆ ಹೊತ್ತಿಗೆ ಕಿಟಕಿಯಲ್ಲಿ ಏನು ನೇತಾಡ್ತಿತ್ತೋ ಕ್ರೆಡಿಟ್ ಅದಕ್ಕೆ!

ಕಾಯೋಕಾಗಲ್ಲ ಅನ್ನೋರಿಗೆ ಸ್ಯಾಲಿಸಿಲಿಕ್ ಆಸಿಡ್ ಇದೆ. ದಿನಾ ಹಚ್ಚಬೇಕು, ಹನ್ನೆರಡು ವಾರದವರೆಗೂ ಹಿಡಿಯಬಹುದು. ಮುಖಕ್ಕೆ ಬೇಡ, ಸಕ್ಕರೆ ಕಾಯಿಲೆಯಿದ್ದರೆ ಕಾಲಿಗೂ ಡಾಕ್ಟರನ್ನು ಕೇಳದೆ ಬೇಡ. ಇಲ್ಲವೇ ಚರ್ಮವೈದ್ಯರು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸ್ತಾರೆ. ಸುಶ್ರುತನ ಬೆಂಕಿಗೆ ಉಲ್ಟಾ.

ಕುದುರೆ ಕೂದಲು ಕಟ್ಟಿದರೆ ಬೀಳುತ್ತೆ ಅನ್ನೋದು ಪೂರ್ತಿ ಸುಳ್ಳಲ್ಲ. ಆದರೆ ಬೀಳೋದು ಬೇರೆಯದೇ. ಕುತ್ತಿಗೆ, ಕಂಕುಳಲ್ಲಿ ತೊಟ್ಟು ಬಿಟ್ಟು ಜೋತಾಡೋ ಮೆತ್ತಗಿನ ಗಂಟು, ಅಂದ್ರೆ ಸ್ಕಿನ್ ಟ್ಯಾಗ್, ಅದನ್ನೂ ನಾವು ನರೂಲಿ ಅಂತಲೇ ಕರೀತೀವಿ. ತೊಟ್ಟು ಬಿಗಿದರೆ ರಕ್ತ ನಿಂತು ಒಣಗುತ್ತೆ, ಕೆಲವೊಮ್ಮೆ ಕೀವೂ ಆಗುತ್ತೆ. ಬಣ್ಣ ಬದಲಾಗ್ತಾ ಇರೋ, ತಾನಾಗಿ ರಕ್ತ ಬರೋ ಗಂಟು ಮಾತ್ರ ಇವೆರಡೂ ಅಲ್ಲದೇ ಇರಬಹುದು. ಅದಕ್ಕೆ ದಾರ ಹುಡುಕಬೇಡಿ, ಅಪಾಯಿಂಟ್‌ಮೆಂಟ್ ತಗೊಳ್ಳಿ.