ಕೊಡಿಗೆ ಅಂದ್ರೆ ಬರೀ ಊರಿನ ಹೆಸರಲ್ಲ

ಮೊನ್ನೆ ರಾತ್ರಿ ಅಡಿಕೆ ಸುಲಿಯುವಾಗ ತಮ್ಮನ ಮಗ ಕೇಳಿದ, "ದೊಡ್ಡಪ್ಪ, ಹಿರೇಕೊಡಿಗೆ ಅಂತ ಯಾಕೆ ಹೆಸರು? ಇಲ್ಲಿ ಕೆರೆ ಕೋಡಿ ಬೀಳ್ತಿತ್ತಾ?"

ಕೋಡಿ ಬೇರೆ, ಕೊಡಿಗೆ ಬೇರೆ. ಕೊಡಿಗೆಯ ಬೇರು ‘ಕೊಡು’. ಹಳೇ ಶಾಸನಗಳಲ್ಲಿ ಕೊಡಗೆ, ಕೊಡಂಗೆ, ಕೊಡಗಿ ಅಂತೆಲ್ಲ ಬರುತ್ತೆ. ಒಬ್ಬ ಮಾಡಿದ ಕೆಲಸಕ್ಕೆ ಕೊಟ್ಟ ಭೂಮಿ ಅಂತ ಅರ್ಥ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೆ, ಕೆರೆ ನೋಡಿಕೊಳ್ಳುವವನಿಗೆ ಕೊಟ್ಟದ್ದು ಕೆರೆಗೊಡಗೆ. ಹಿರೇ ಅಂದರೆ ದೊಡ್ಡದು ಅಂತ ನಿಮಗೇ ಗೊತ್ತು.

ಈ ಮಾತು ಮನುಷ್ಯರ ಹೆಸರಲ್ಲೂ ಇದೆ. ಘಟ್ಟದ ಕೆಳಗೆ ಅಮಾಸೆಬೈಲಿನ ಎ.ಜಿ. ಕೊಡ್ಗಿಯವರ ಹೆಸರು ಕೇಳಿದ್ದೀರಲ್ಲ. ನಮ್ಮಲ್ಲಿ ಅದು ಊರು, ಅಲ್ಲಿ ಅದು ಮನೆತನ.

ಊರು ಮನುಷ್ಯರ ಹೆಸರಿಗೆ ಹತ್ತೋದು ಹೊಸದೇನಲ್ಲ. ಕುವೆಂಪು ಅನ್ನೋದರಲ್ಲಿ ‘ಕು’ ಕುಪ್ಪಳಿ, ‘ವೆಂ’ ಅಪ್ಪ ವೆಂಕಟಪ್ಪನವರು, ‘ಪು’ ಪುಟ್ಟಪ್ಪ. ಆದರೆ ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ನಮ್ಮ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಲ್ಲಿ. ತವರೂರಿನ ಒಂದಕ್ಷರವೂ ಹೆಸರಿಗೆ ಸೇರಲಿಲ್ಲ. ಈಗ ಆ ಹೆಸರೇ ತಿರುಗಿ ಜಾಗದ ಹೆಸರಾಗಿದೆ, ಮೈಸೂರಲ್ಲಿ ಕುವೆಂಪುನಗರ. ಅಲ್ಲಿರೋರಲ್ಲಿ ಎಷ್ಟು ಜನರಿಗೆ ಹಿರೇಕೊಡಿಗೆ ಗೊತ್ತು?

ಬೇರೆಯವರನ್ನ ಯಾಕೆ ಹೇಳ್ಲಿ. ನಮ್ಮನೆ ಕೆರೆ ಕೆಳಗಿನ ಗದ್ದೆಗೆ ಅಪ್ಪ ‘ಕೊಡಿಗೆ ಗದ್ದೆ’ ಅಂತಿದ್ರು. ಬೇಸಿಗೆ ಬಂದರೆ ಹಾರೆ, ಬುಟ್ಟಿ ತಗೊಂಡು ನಮ್ಮನ್ನೆಲ್ಲ ಕೆರೆಗೆ ಇಳಿಸೋರು. "ಕೊಡಿಗೆ ಗದ್ದೆ ಅನ್ನ ಉಣ್ಣೋನು ಕೆರೆ ಹೂಳು ತೆಗೀಬೇಕು" ಅಂತಿದ್ರು. ಆಗ ಅದು ಗದರಿಕೆ ಅಂತ ತಿಳ್ಕೊಂಡಿದ್ದೆ. ಈಗ ನೋಡಿದರೆ ಶಾಸನದ ಷರತ್ತೂ ಅದೇ.

ಅಪ್ಪ ಹೋದಮೇಲೆ ಪಾಲಾಯ್ತು. ಪಾಲುಪಟ್ಟಿಯಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ ಬರೆಸಿದ್ವಿ. ಕೊಡಿಗೆ ಗದ್ದೆ ಅಂತ ಬರೆಸಲಿಲ್ಲ, ಪಹಣಿಯಲ್ಲೂ ಇಲ್ಲ. ಗದ್ದೆ ಅರ್ಧ ತಮ್ಮನಿಗೆ, ಅರ್ಧ ನನಗೆ. ಕೆರೆ ಯಾರಿಗೂ ಇಲ್ಲ. ಅವನು ತೆಗೀಲಿ ಅಂತ ನಾನು, ಅಣ್ಣ ತೆಗೀಲಿ ಅಂತ ಅವನು. ಎಂಟು ವರ್ಷದಿಂದ ಒಂದು ಬುಟ್ಟಿ ಹೂಳೂ ಮೇಲೆ ಬಂದಿಲ್ಲ. ಹೋದ ಬೇಸಿಗೆ ಮಾರ್ಚಿಗೇ ಕೆರೆ ತಳ ಕಂಡಿತು, ಗದ್ದೆಗೆ ಹಾಕಿದ್ದ ಅಡಿಕೆ ಸಸಿ ಒಣಗಿದ್ವು. ನನ್ನವೂ, ಅವನವೂ.

ಇಷ್ಟೆಲ್ಲ ಹುಡುಗನಿಗೆ ಹೇಳಿ ಮುಗಿಸಿದಾಗ ಪಕ್ಕದಲ್ಲಿ ತಮ್ಮನೂ ಮೆಟ್ಟುಗತ್ತಿ ಮೇಲೆ ಕೂತಿದ್ದ. ಸ್ವಲ್ಪ ಹೊತ್ತು ಸುಮ್ನಿದ್ದು, "ಕೊಯ್ಲು ಮುಗೀಲಿ, ಇಳಿಯೋಣ" ಅಂದ.

ನಿಮ್ಮ ಗದ್ದೆ, ತೋಟಕ್ಕೂ ಹಿರಿಯರು ಇಟ್ಟ ಹೆಸರಿರುತ್ತೆ. ಸರ್ವೆ ನಂಬರ್ ಪಕ್ಕ ಅದನ್ನೂ ಬರೆದಿಡಿ. ಹೆಸರಿನ ಜೊತೆ ಏನೇನು ಕೆಲಸ ಬಂದಿದೆ ಅಂತ ಮಕ್ಕಳಿಗೆ ಹೇಳಿ.